ನೇರ ನೋಡಿದರೆ ಮಾಯವಾಗುವ ದೆವ್ವ

"ಓರೆಗಣ್ಣಲ್ಲಿ ಬೆಳ್ಳಗೆ ಏನೋ ನಿಂತಿದ್ದು ಕಾಣಿಸ್ತು. ತಿರುಗಿ ನೋಡ್ತೀನಿ, ಇಲ್ಲ!" ದೆವ್ವ ಕಂಡವರ ಕಥೆಗಳಲ್ಲಿ ಈ ಮಾತು ಬರದೇ ಇರುವುದು ಕಡಿಮೆ. ನಮ್ಮ ಕಡೆ ಅದನ್ನೇ ಗುರುತಾಗಿ ಹೇಳುತ್ತಿದ್ದರು. ಮನುಷ್ಯನಾದರೆ ನೋಡಿದ ಮೇಲೂ ನಿಂತಿರುತ್ತಾನೆ, ದೆವ್ವವಾದರೆ ನೋಡಿದ ಕೂಡಲೇ ಮಾಯ. ಹುಣಸೆಮರದ ತಿರುವು, ಕೆರೆ ಏರಿ, ಸುಡುಗಾಡಿನ ಪಕ್ಕದ ಗಾಡಿದಾರಿ, ಹೀಗೆ ಊರಿಗೊಂದು ಜಾಗ ಇದಕ್ಕೆಂದೇ ಇರುತ್ತಿತ್ತು.

ಈ ಗುರುತಿಗೆ ಕಾರಣ ನಮ್ಮ ಕಣ್ಣಿನೊಳಗೇ ಇದೆ. ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡು ಬಗೆ. ಶಂಕುಕೋಶಗಳು ಹಗಲಿನವು. ಬಣ್ಣವನ್ನೂ ಸಣ್ಣ ಸಣ್ಣ ವಿವರಗಳನ್ನೂ ಕಾಣಿಸುವುದು ಅವು. ದಂಡಕೋಶಗಳು ಕತ್ತಲೆಯವು. ಅವಕ್ಕೆ ಬಣ್ಣ ಗೊತ್ತಿಲ್ಲ, ಆದರೆ ತೀರಾ ಮಂದ ಬೆಳಕನ್ನೂ ಹಿಡಿಯುತ್ತವೆ. ನಾವು ಯಾವುದನ್ನಾದರೂ ನೆಟ್ಟ ನೋಟದಿಂದ ನೋಡಿದಾಗ ಅದರ ಬಿಂಬ ಬೀಳುವುದು ಅಕ್ಷಿಪಟಲದ ನಡುವಿನ ಒಂದು ಚಿಕ್ಕ ಗುಳಿಯ ಮೇಲೆ. ಆ ಗುಳಿಯ ನಟ್ಟನಡುವೆ ದಂಡಕೋಶಗಳೇ ಇಲ್ಲ. ಹಾಗಾಗಿ ಕತ್ತಲಲ್ಲಿ ಕಣ್ಣಂಚಿಗೆ ಕಂಡ ಮಸುಕು ಆಕಾರದ ಕಡೆ ನೇರ ತಿರುಗಿದ ಕ್ಷಣವೇ ಅದು ಇರುಳಲ್ಲಿ ಕುರುಡಾಗುವ ಆ ಗುಳಿಗೆ ಬೀಳುತ್ತದೆ. ಅಲ್ಲಿ ನಿಜಕ್ಕೂ ಒಂದು ಬಿಳಿ ಬಟ್ಟೆಯೋ, ಸುಣ್ಣ ಬಳಿದ ಕಲ್ಲೋ ಇದ್ದರೂ ಅದು ಮಾಯವಾಗಲೇಬೇಕು. ಆಕಾಶ ನೋಡುವ ಹವ್ಯಾಸಿಗಳಿಗೆ ಇದು ಚೆನ್ನಾಗಿ ಗೊತ್ತು. ತೀರಾ ಮಸುಕಾದ ನಕ್ಷತ್ರ ಕಾಣಬೇಕಾದರೆ ಅವರು ಅದನ್ನು ನೋಡುವುದಿಲ್ಲ, ಅದರ ಪಕ್ಕದ ಖಾಲಿ ಜಾಗವನ್ನು ನೋಡುತ್ತಾರೆ. ಅಮಾವಾಸ್ಯೆಯ ರಾತ್ರಿ ಊರಾಚೆ ನಿಂತು ಯಾರು ಬೇಕಾದರೂ ಪರೀಕ್ಷಿಸಬಹುದು.

ಇನ್ನೊಂದು ಸಂಗತಿಯೂ ಸೇರುತ್ತದೆ. ದೀಪದ ಬೆಳಕಿನ ಮನೆಯಿಂದ ಕತ್ತಲಿಗೆ ಬಂದ ಮೇಲೆ ದಂಡಕೋಶಗಳು ಪೂರ್ತಿ ಹದಕ್ಕೆ ಬರಲು 20ರಿಂದ 30 ನಿಮಿಷ ಬೇಕು. ಕೊಟ್ಟಿಗೆಗೋ ಹಿತ್ತಲಿಗೋ ಎದ್ದು ಹೋದವರು ಅಷ್ಟು ಹೊತ್ತು ಕಾಯುವುದಿಲ್ಲ. ಅರೆ ಕಾಣುವ ಕಣ್ಣಲ್ಲೇ ನಡೆಯುತ್ತಾರೆ. ಬಣ್ಣ ಅಳಿಸಿಹೋದ ಆ ಲೋಕದಲ್ಲಿ ಎದ್ದು ಕಾಣುವುದು ಬಿಳುಪು ಮಾತ್ರ. ನಮ್ಮ ದೆವ್ವಗಳು ಬಿಳಿ ಸೀರೆ ಉಡುವುದಕ್ಕೆ ಶವದ ಬಟ್ಟೆ, ವಿಧವೆಯ ಬಟ್ಟೆ ಅನ್ನುವ ಸಾಮಾಜಿಕ ಕಾರಣಗಳು ಇವೆಯಾದರೂ, ಇರುಳಿನ ಕಣ್ಣಿನ ಪಾಲೂ ಅದರಲ್ಲಿ ಇದೆಯೆಂದು ನನ್ನ ಊಹೆ.

ಅತೀಂದ್ರಿಯ ಎಂದು ಜನ ಹೇಳಿಕೊಳ್ಳುವ ಅನುಭವಗಳನ್ನೆಲ್ಲ ಹೀಗೆ ಇಂದ್ರಿಯಗಳ ಭ್ರಮೆಯಿಂದ ವಿವರಿಸಬಹುದೇ? ಬಹುಪಾಲು ವಿವರಿಸಬಹುದು ಎಂದೇ ನನ್ನ ತೀರ್ಮಾನ. ಆದರೆ "ಅದೆಲ್ಲ ಬರೀ ಭ್ರಮೆ ಬಿಡಿ" ಅನ್ನುವುದು ವಿವರಣೆಯಲ್ಲ. ಯಾವ ಇಂದ್ರಿಯದ ಭ್ರಮೆ, ಯಾವ ಹೊತ್ತಿನಲ್ಲಿ, ಏಕೆ ಈ ವ್ಯಕ್ತಿಗೇ ಆಯಿತು ಎಂದು ಹೇಳಲು ಬಂದಾಗ ಮಾತ್ರ ಅದು ವಿವರಣೆ. ಅಷ್ಟು ಹೇಳುವ ತಾಳ್ಮೆ ಇಲ್ಲದೆ ಕೈಕೊಡವಿದರೆ, ಕಂಡವರ ಕಿವಿಗೆ ಅದು "ನೀನು ಸುಳ್ಳು ಹೇಳುತ್ತಿದ್ದೀಯ" ಎಂದೇ ಕೇಳಿಸುತ್ತದೆ. ಆಮೇಲೆ ಅವರು ತಮ್ಮನ್ನು ನಂಬುವವರ ಬಳಿಗೆ ಹೋಗುತ್ತಾರೆ. ಹಾಗೆ ನಂಬುವವನು ಎಷ್ಟೋ ಸಲ ಮಂತ್ರವಾದಿಯೇ ಆಗಿರುತ್ತಾನೆ.

ಹಗ್ಗವನ್ನು ಹಾವೆಂದು ಕಂಡವನ ದೃಷ್ಟಾಂತ ನಮಗೆ ಹರಿಕಥೆ, ಪ್ರವಚನಗಳಲ್ಲಿ ಕೇಳಿ ಕೇಳಿ ಸವೆದಿದೆ. ಅದರ ಹಿಂದೆ ನಡೆದ ವಾದ ಮಾತ್ರ ಸವೆದಿಲ್ಲ. ಇಲ್ಲದ ಹಾವು ಕಂಡದ್ದು ಹೇಗೆ ಎಂಬ ಒಂದೇ ಪ್ರಶ್ನೆಯ ಮೇಲೆ ಭಾರತೀಯ ದರ್ಶನಗಳು ಶತಮಾನಗಟ್ಟಲೆ ಕಾದಾಡಿವೆ. ಬೇರೆಲ್ಲೋ ಕಂಡ ಹಾವೇ ಇಲ್ಲಿ ತೋರುತ್ತದೆ ಎಂದರು ತರ್ಕಕ್ಕೆ ಹೆಸರಾದ ನ್ಯಾಯದರ್ಶನದವರು. ಇದಕ್ಕೆ ಅನ್ಯಥಾಖ್ಯಾತಿ ಎಂದು ಹೆಸರು. "ಇದು" ಎಂಬುದು ಕಂಡದ್ದು, "ಹಾವು" ಎಂಬುದು ನೆನಪು, ಇವೆರಡರ ನಡುವಿನ ಭೇದ ಗೊತ್ತಾಗದೆ ಹೋದದ್ದೇ ಭ್ರಮೆ ಎಂದರು ಮೀಮಾಂಸಾದರ್ಶನದಲ್ಲಿ ಪ್ರಭಾಕರನ ಪಂಥದವರು. ಆ ಹಾವನ್ನು ಸತ್ತು (ಇರುವಂಥದ್ದು) ಎನ್ನಲಾಗದು, ಅಸತ್ತು (ಇಲ್ಲದ್ದು) ಎನ್ನಲೂ ಆಗದು ಎಂದರು ಅದ್ವೈತಿಗಳು. ಅದು ಪೂರ್ತಿ ಅಸತ್ತು, ಆದರೂ ತೋರುತ್ತದೆ ಎಂದು ಹಟ ಹಿಡಿದವರು ನಮ್ಮ ಉಡುಪಿಯ ಮಧ್ವರ ಪರಂಪರೆಯವರು. ಹಿಂದಿನವರಿಗೆ ಎಲ್ಲವೂ ಗೊತ್ತಿತ್ತು ಎಂದು ಹೇಳಲು ಇದನ್ನು ತರುತ್ತಿಲ್ಲ. ಪ್ರಶ್ನೆ ಎತ್ತಿದ ರೀತಿ ನನಗೆ ಮುಖ್ಯ. ಹಾವು ಕಂಡೆ ಎಂದವನನ್ನು ಅವರು ಸುಳ್ಳ ಅನ್ನಲಿಲ್ಲ, ಹುಚ್ಚ ಅನ್ನಲಿಲ್ಲ. ಅವನ ಬೆವರು ನಿಜ ಎಂದು ಒಪ್ಪಿಕೊಂಡೇ ವಾದಕ್ಕೆ ಕೂತರು.

ಪಶ್ಚಿಮದಲ್ಲಿ ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿ ನೋಟ ಎಂದರೆ ನಮ್ಮ ಅರಿವಿಗೆ ಬಾರದಂತೆ ನಡೆಯುವ ಒಂದು ಊಹೆ ಎಂದು ವಾದಿಸಿದರು. ಇಂದಿನ ನರವಿಜ್ಞಾನ ಅದೇ ಎಳೆಯನ್ನು ಹಿಡಿದು ನಡೆದಿದೆ. ಕಣ್ಣು, ಕಿವಿಗಳಿಂದ ಬರುವ ಸುದ್ದಿ ಅರೆಬರೆ. ಉಳಿದದ್ದನ್ನು ಮಿದುಳು ಹಳೆಯ ಅನುಭವದಿಂದ ತುಂಬುತ್ತದೆ. ಹಗಲು ಹೊತ್ತು ಸುದ್ದಿ ದಟ್ಟವಾಗಿರುವುದರಿಂದ ಊಹೆಗೆ ಜಾಗ ಕಡಿಮೆ. ಕತ್ತಲು, ಗಾಳಿ, ದಣಿವು, ಹೆದರಿಕೆ ಸೇರಿದಾಗ ಸುದ್ದಿ ತೆಳುವಾಗಿ ಊಹೆ ದಪ್ಪವಾಗುತ್ತದೆ. ಊಹೆಯಲ್ಲೂ ಮಿದುಳಿಗೆ ಒಂದು ಪಕ್ಷಪಾತವಿದೆ. ಕಲ್ಲನ್ನು ಮನುಷ್ಯ ಎಂದುಕೊಂಡರೆ ಸ್ವಲ್ಪ ಹೆದರಿಕೆ, ಅಷ್ಟೇ ನಷ್ಟ. ಮನುಷ್ಯನನ್ನು ಕಲ್ಲು ಎಂದುಕೊಂಡರೆ ಪ್ರಾಣವೇ ಹೋಗಬಹುದು. ಅದಕ್ಕೇ ಅದು ಮೊದಲು ಹುಡುಕುವುದು ಮುಖವನ್ನು, ಆಳನ್ನು. 1976ರ ಜುಲೈ 25ರಂದು ವೈಕಿಂಗ್ 1 ನೌಕೆ ಮಂಗಳನ ಮೇಲಿನ ಒಂದು ಗುಡ್ಡದ ಚಿತ್ರ ತೆಗೆದಾಗ ಭೂಮಿಯ ಮೇಲಿದ್ದವರಿಗೆ ಅದರಲ್ಲಿ ಕಂಡದ್ದು ಮನುಷ್ಯನ ಮುಖ.

ರಾತ್ರಿ ಕನ್ನಡಿ ನೋಡಬಾರದು ಎಂದು ಮನೆಯ ಹಿರಿಯರು ಗದರುತ್ತಿದ್ದರಲ್ಲ, ಅದಕ್ಕೂ ಪ್ರಯೋಗಶಾಲೆಯಿಂದ ಒಂದು ಉತ್ತರ ಬಂದಿದೆ. ಇಟಲಿಯ ಜೊವಾನ್ನಿ ಕಪುಟೊ ಮಂದ ಬೆಳಕಿನ ಕೋಣೆಯಲ್ಲಿ 50 ಜನರನ್ನು ತಲಾ 10 ನಿಮಿಷ ಕನ್ನಡಿಯ ಮುಂದೆ ಕೂರಿಸಿ, ತಮ್ಮ ಮುಖವನ್ನೇ ದಿಟ್ಟಿಸಲು ಹೇಳಿದರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ನೂರಕ್ಕೆ 66 ಮಂದಿಗೆ ಮುಖ ವಿಕಾರವಾಗಿ ಕಂಡಿತ್ತು, 28 ಮಂದಿಗೆ ಗುರುತಿಲ್ಲದ ಯಾರದೋ ಮುಖ ಕಂಡಿತ್ತು, 48 ಮಂದಿಗೆ ವಿಚಿತ್ರ ಅಥವಾ ಭೀಕರ ರೂಪಗಳು ಕಂಡಿದ್ದವು. ಇವರೆಲ್ಲ ಆರೋಗ್ಯವಂತರು. ಕದಲದ ನೋಟಕ್ಕೆ ಬಿಂಬದ ಅಂಚುಗಳು ಕರಗುತ್ತವೆ. ಕರಗಿದ ಜಾಗವನ್ನು ಮಿದುಳು ತನಗೆ ತೋಚಿದ ಮುಖದಿಂದ ತುಂಬುತ್ತದೆ.

ಕಣ್ಣಿನಂತೆ ಕಿವಿಯೂ ಸುಲಭವಾಗಿ ಮೋಸಹೋಗುತ್ತದೆ. ಈಗಿನ ದೆವ್ವಗಳಲ್ಲಿ ಹೆಚ್ಚಿನವು ಬದುಕಿರುವುದು ಮೊಬೈಲಿನಲ್ಲಿ. ಪಾಳುಬಿದ್ದ ಬಂಗಲೆಗೆ ಮಧ್ಯರಾತ್ರಿ ಹೋಗಿ, "ಇಲ್ಲಿ ಯಾರಾದರೂ ಇದ್ದೀರಾ?" ಎಂದು ಕೇಳಿ, ಗೊರಗೊರ ಸದ್ದಿನಲ್ಲಿ ಉತ್ತರ ಹಿಡಿಯುವ ವಿಡಿಯೊಗಳನ್ನು ಲಕ್ಷಾಂತರ ಜನ ನೋಡುತ್ತಾರೆ. ಅವರು ಸ್ಪಿರಿಟ್ ಬಾಕ್ಸ್ ಎಂದು ಕರೆಯುವ ಯಂತ್ರ ಹೆಚ್ಚಾಗಿ ಒಂದು ರೇಡಿಯೊ. ಅದು ಎಲ್ಲೂ ನಿಲ್ಲದೆ ಸ್ಟೇಷನ್‌ಗಳ ಮೇಲೆ ಸರಸರ ಓಡುತ್ತದೆ. ಮಾತಿನ ಚೂರು, ಹಾಡಿನ ಚೂರು, ನಡುವೆ ಕರಕರ. ಅಂಥ ಒಂದು ಸದ್ದು ಬಂದಾಗ ಪರದೆಯ ಕೆಳಗೆ "ಹೊರಗೆ ಹೋಗು" ಎಂದು ಅಕ್ಷರಗಳು ಮೂಡುತ್ತವೆ. ಆ ಕ್ಷಣದಿಂದ ನೋಡುವವರಿಗೂ ಅದು "ಹೊರಗೆ ಹೋಗು" ಎಂದೇ ಕೇಳಿಸುತ್ತದೆ.

ಇದರ ಗುಟ್ಟು ತಿಳಿಯಲು 1981ರ ಒಂದು ಪ್ರಯೋಗ ಸಾಕು. ಅಮೆರಿಕದ ರಾಬರ್ಟ್ ರೆಮೆಜ್ ಮತ್ತು ಸಂಗಡಿಗರು ಒಂದು ಇಂಗ್ಲಿಷ್ ವಾಕ್ಯವನ್ನು ಸಿಳ್ಳೆಯಂಥ ಮೂರೇ ಮೂರು ಸ್ವರಗಳಾಗಿ ಮಾಡಿ ಕೇಳಿಸಿದರು. ಏನನ್ನೂ ಹೇಳದೆ ಕೇಳಿಸಿದಾಗ ಹೆಚ್ಚಿನವರಿಗೆ ಅದು ಏನೋ ಯಂತ್ರದ ಸದ್ದು, ಹಕ್ಕಿಯ ಚಿಲಿಪಿಲಿ. ಇದು ಮಾತು ಎಂದು ತಿಳಿಸಿ ಕೇಳಿಸಿದಾಗ ಅನೇಕರು ವಾಕ್ಯವನ್ನೇ ಹೇಳಿಬಿಟ್ಟರು. ಒಮ್ಮೆ ಹಾಗೆ ಕೇಳಿದ ಮೇಲೆ ಮತ್ತೆ ಬರೀ ಸಿಳ್ಳೆಯಾಗಿ ಕೇಳುವುದೇ ಕಷ್ಟ. ಇಲ್ಲಿ ವಾಕ್ಯ ನಿಜಕ್ಕೂ ಸದ್ದಿನೊಳಗೆ ಇತ್ತು. ದೆವ್ವದ ವಿಡಿಯೊದಲ್ಲಿ ಅದನ್ನು ಇಡುವುದು ಅಡಿಬರಹ. ಲಾಟ್ವಿಯಾದ ಕೊನ್ಸ್ಟಾಂಟಿನ್ ರೌಡಿವೆ 1960ರ ದಶಕದಲ್ಲಿ ಸತ್ತವರ ದನಿಯೆಂದು ಸಾವಿರಾರು ಧ್ವನಿಮುದ್ರಣಗಳನ್ನು ಕೂಡಿಹಾಕಿದರು. ಆ ದನಿಗಳು ಒಂದೇ ವಾಕ್ಯದಲ್ಲಿ ಹಲವು ಭಾಷೆಗಳನ್ನು ಬೆರೆಸಿ ಮಾತಾಡುತ್ತವೆ ಎಂದು ಅವರೇ ಬರೆದಿದ್ದಾರೆ. ಅವರು ಸ್ವತಃ ಹಲವು ಭಾಷೆ ಬಲ್ಲವರಾಗಿದ್ದರು. ಈ ಬಗೆಯ ವಿಡಿಯೊ ನೋಡುವ ಹುಡುಗರಿಗೆ ನಾನು ಹೇಳುವುದು ಇಷ್ಟೇ. ಒಂದು ಸಲ ಕಣ್ಣು ಮುಚ್ಚಿ ಕೇಳಿ, ಕೇಳಿಸಿದ್ದನ್ನು ಒಬ್ಬೊಬ್ಬರೂ ಬೇರೆ ಬೇರೆ ಕಾಗದದ ಮೇಲೆ ಬರೆಯಿರಿ, ಆಮೇಲೆ ಕಾಗದಗಳನ್ನು ಹೋಲಿಸಿ ನೋಡಿ.

1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ, ಹಳ್ಳಿಗಳಲ್ಲಿ ಬಾಗಿಲ ಮೇಲೆ ಬರೆದಿದ್ದ "ನಾಳೆ ಬಾ" ಹಲವರಿಗೆ ನೆನಪಿರಬೇಕು. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟರೆ ಕೆಟ್ಟೆವು, ಬರಹ ಕಂಡರೆ ನಾಳೆ ಬರೋಣ ಎಂದು ಹೋಗುತ್ತದೆ ಎಂಬುದು ಸುದ್ದಿ. ಆ ಸುದ್ದಿ ಹಬ್ಬಿದ್ದು ಬಾಯಿಂದ ಬಾಯಿಗೆ, ಅದರಲ್ಲಿ ಭ್ರಮೆಗಿಂತ ಭಯದ ಪಾಲು ದೊಡ್ಡದು. ಆದರೆ ಕಥೆಯ ಬೀಜ ಗಮನಿಸಿ. ನಿದ್ದೆಗೆ ಜಾರುವ ಹೊತ್ತಿನಲ್ಲಿ ಯಾರೋ ತನ್ನ ಹೆಸರು ಕರೆದಂತೆ ಕೇಳಿಸುವುದು ಆರೋಗ್ಯವಂತರಲ್ಲೂ ಸಾಮಾನ್ಯ. ರಾತ್ರಿ ಹೊತ್ತು ಒಂದೇ ಕೂಗಿಗೆ ಓಗೊಡಬೇಡ ಎಂಬ ಹಿರಿಯರ ಎಚ್ಚರಿಕೆಯೂ ಅಂಥ ಅನುಭವದಿಂದಲೇ ಹುಟ್ಟಿರಬೇಕು.

ಈ ಇಡೀ ವಿಷಯದಲ್ಲಿ ವಿಜ್ಞಾನ ಗಟ್ಟಿಯಾಗಿ ನಿಂತಿರುವ ಜಾಗ ನಿದ್ದೆ. ನಾನು ಇಲ್ಲಿ ಹೊರಗಿನವನಾಗಿ ಬರೆಯುತ್ತಿಲ್ಲ. ಹಾಸ್ಟೆಲಿನಲ್ಲಿದ್ದಾಗ ಪರೀಕ್ಷೆಯ ವಾರ ಬೆಳಗಿನ ಜಾವ ಎಚ್ಚರವಾಯಿತು. ಕೋಣೆ ಕಾಣುತ್ತಿದೆ, ಕಿಟಕಿ ಕಾಣುತ್ತಿದೆ, ಗೆಳೆಯ ಮಲಗಿದ್ದಾನೆ. ಆದರೆ ಒಂದು ಬೆರಳೂ ಅಲ್ಲಾಡುತ್ತಿಲ್ಲ. ಬಾಗಿಲ ಬಳಿ ಯಾರೋ ನಿಂತಿದ್ದಾರೆ. ಬರುತ್ತಿದ್ದಾರೆ. ಎದೆಯ ಮೇಲೆ ಕೂತರು. ಕೂಗಬೇಕೆಂದರೆ ಗಂಟಲಿನಿಂದ ಗಾಳಿಯೂ ಹೊರಡಲಿಲ್ಲ. ಎಷ್ಟು ಹೊತ್ತು ಗೊತ್ತಿಲ್ಲ, ಕಾಲ್ಬೆರಳು ಒಮ್ಮೆ ಕದಲಿದ್ದೇ ತಡ ಎಲ್ಲ ಹೋಯಿತು. ಬೆಳಿಗ್ಗೆ ಹೇಳಿದಾಗ ಒಬ್ಬ ನಕ್ಕ, ಇನ್ನೊಬ್ಬ "ದೆವ್ವ ಅಮುಕಿದೆ, ಆ ಕೋಣೆ ಸರಿ ಇಲ್ಲ" ಅಂದ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಎರಡನೆಯವನ ಮಾತೇ ನನಗೆ ಹಿತವೆನಿಸಿತು. ಅವನು ನನ್ನನ್ನು ನಂಬಿದ್ದ.

ಇದಕ್ಕೆ ನಿದ್ರಾ ಪಾರ್ಶ್ವವಾಯು ಎಂದು ಹೆಸರು. ಹೆಸರು ಭಯ ಹುಟ್ಟಿಸಿದರೂ ಅದು ಪಾರ್ಶ್ವವಾಯುವಲ್ಲ. ಕನಸು ಬೀಳುವ ನಿದ್ದೆಯ ಹಂತದಲ್ಲಿ ಕಣ್ಣುಗುಡ್ಡೆಗಳು ಚುರುಕಾಗಿ ಓಡುತ್ತವೆ. ಆಗ ಕನಸಿನಲ್ಲಿ ಓಡಿದರೆ ಹಾಸಿಗೆಯಿಂದಲೂ ಎದ್ದು ಓಡದ ಹಾಗೆ ಮಿದುಳಿನ ಕಾಂಡ ಕೈಕಾಲುಗಳ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಕೆಲವೊಮ್ಮೆ ಎಚ್ಚರ ಮೊದಲು ಬಂದು, ಸ್ನಾಯುಗಳಿಗೆ ಬಲ ಆಮೇಲೆ ಮರಳುತ್ತದೆ. ನಡುವಿನ ಆ ಕೆಲವು ಸೆಕೆಂಡು ಅಥವಾ ನಿಮಿಷದಲ್ಲಿ ಕಣ್ಣು ತೆರೆದೇ ಕನಸು ನಡೆಯುತ್ತದೆ. ಎದೆ ಭಾರವಾಗುವುದಕ್ಕೂ ಕಾರಣ ಸ್ಪಷ್ಟ. ಉಸಿರಾಟ ಆಗ ಎದೆ, ಹೊಟ್ಟೆಗಳ ನಡುವಿನ ಸ್ನಾಯುಪದರವಾದ ವಪೆಯೊಂದರ ಮೇಲೇ ನಡೆಯುತ್ತಿರುತ್ತದೆ, ಎದೆಗೂಡಿನ ಸ್ನಾಯುಗಳು ಕೆಲಸ ಮಾಡುತ್ತಿರುವುದಿಲ್ಲ. ಗಾಬರಿಯಾಗಿ ಜೋರಾಗಿ ಉಸಿರೆಳೆಯಲು ಹೋದರೆ ಎದೆ ಏಳುವುದಿಲ್ಲ. ಅದನ್ನು ಮಿದುಳು ಓದಿಕೊಳ್ಳುವುದು ಮೇಲೆ ಯಾರೋ ಕೂತಿದ್ದಾರೆ ಎಂದೇ.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಬದುಕಿನಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸಿದವರು ಸಾಮಾನ್ಯ ಜನರಲ್ಲಿ ನೂರಕ್ಕೆ 8ರ ಹತ್ತಿರ, ವಿದ್ಯಾರ್ಥಿಗಳಲ್ಲಿ ನೂರಕ್ಕೆ 28. ನಿದ್ದೆಗೆಟ್ಟವರಿಗೆ, ಪಾಳಿ ಬದಲಾಗುವ ಕೆಲಸದವರಿಗೆ, ಅಂಗಾತ ಮಲಗುವವರಿಗೆ ಸಾಧ್ಯತೆ ಹೆಚ್ಚು. ಹಾಸ್ಟೆಲ್, ಪಿಜಿಗಳಲ್ಲಿ "ಆ ರೂಮು ಸರಿ ಇಲ್ಲ" ಎಂಬ ಮಾತು ಇಷ್ಟೊಂದು ಕೇಳಿಬರುವುದಕ್ಕೆ ರಾತ್ರಿ ಪಾಳಿ ಮತ್ತು ಪರೀಕ್ಷೆಗಳೇ ಸಾಕಷ್ಟು ಕಾರಣ.

ಕೆನಡಾದ ಅಲನ್ ಚೇನ್ ಮತ್ತು ಸಂಗಡಿಗರು ಈ ಅನುಭವಗಳನ್ನು ವಿಂಗಡಿಸಿದಾಗ ಮೂರು ಬಗೆ ಕಂಡವು: ಯಾರೋ ಒಳಗೆ ಬಂದಂತೆ, ಎದೆಯ ಮೇಲೆ ಕೂತಂತೆ, ಮೈ ತೇಲಿದಂತೆ. ಲೋಕದಲ್ಲೆಲ್ಲ ಇವೇ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಎದೆಯ ಮೇಲೆ ಕೂರುವವಳು ಮುದುಕಿ, ಬ್ರೆಜಿಲಿನಲ್ಲಿ ಮಾಡಿನಿಂದ ಇಳಿದು ತುಳಿಯುವ ಪಿಸಾದೇಯ್ರಾ, ಜಪಾನಿನಲ್ಲಿ ಲೋಹದಿಂದ ಬಿಗಿದಂತಾಗುವ ಕನಶಿಬಾರಿ, ಈಜಿಪ್ಟಿನಲ್ಲಿ ಜಿನ್. ಅಸ್ಥಿಪಂಜರ ಒಂದೇ, ಅದಕ್ಕೆ ತೊಡಿಸಿದ ಬಟ್ಟೆ ಊರೂರಿನದು. ಬಟ್ಟೆಯೇನೂ ಬರೀ ಅಲಂಕಾರವಲ್ಲ. ಬಲಂದ್ ಜಲಾಲ್ ಮತ್ತು ಡೆವನ್ ಹಿಂಟನ್ ಡೆನ್ಮಾರ್ಕ್ ಹಾಗೂ ಈಜಿಪ್ಟಿನ ಜನರನ್ನು ಹೋಲಿಸಿದಾಗ, ಈಜಿಪ್ಟಿನವರಿಗೆ ಇದು ಹೆಚ್ಚು ಸಲ ಆಗುತ್ತಿತ್ತು, ಹೆಚ್ಚು ಹೊತ್ತು ಇರುತ್ತಿತ್ತು, ಸತ್ತೇ ಹೋಗುತ್ತೇನೆಂಬ ಹೆದರಿಕೆಯೂ ಅಲ್ಲಿ ಹೆಚ್ಚು. ಭಯ ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಮತ್ತೆ ಅದೇ ಅನುಭವವನ್ನು ಕರೆತರುತ್ತದೆ. ಹಾಗೆಂದರೆ "ದೆವ್ವ ಅಮುಕಿದೆ" ಎಂಬ ಮಾತು ಅನುಭವಕ್ಕೆ ಹೆಸರು ಕೊಟ್ಟು ಸುಮ್ಮನಾಗುವುದಿಲ್ಲ, ಅದು ಮರುಕಳಿಸುವುದಕ್ಕೂ ದಾರಿ ಮಾಡುತ್ತದೆ.

ಯಾರೂ ಕಾಣದೆ, ಏನೂ ಕೇಳದೆ "ಪಕ್ಕದಲ್ಲಿ ಯಾರೋ ಇದ್ದಾರೆ" ಅನ್ನಿಸುವುದು ಇನ್ನೊಂದು ಬಗೆ. 1916ರಲ್ಲಿ ದಕ್ಷಿಣ ಧ್ರುವದ ಕಡೆಯ ಅನ್ವೇಷಕ ಅರ್ನೆಸ್ಟ್ ಶ್ಯಾಕಲ್ಟನ್ ಮತ್ತು ಇಬ್ಬರು ಜೊತೆಗಾರರು ಸೌತ್ ಜಾರ್ಜಿಯಾ ದ್ವೀಪದ ಹಿಮಗುಡ್ಡಗಳನ್ನು 36 ಗಂಟೆ ನಡೆದು ದಾಟಿದಾಗ, ತಾವು ಮೂವರಲ್ಲ ನಾಲ್ವರಿದ್ದೇವೆ ಎಂದು ಮೂವರಿಗೂ ಅನ್ನಿಸಿತ್ತಂತೆ. 2006ರಲ್ಲಿ ಸ್ವಿಟ್ಜರ್‌ಲೆಂಡಿನ ಓಲಾಫ್ ಬ್ಲಾಂಕೆ ಮತ್ತವರ ತಂಡ ಮೂರ್ಛೆರೋಗದ ಶಸ್ತ್ರಚಿಕಿತ್ಸೆಗೆ ಮುನ್ನ 22 ವರ್ಷದ ಯುವತಿಯೊಬ್ಬಳ ಮಿದುಳಿನ ಎಡಭಾಗದಲ್ಲಿ, ಕಿವಿಗಿಂತ ತುಸು ಮೇಲಿನ ಒಂದು ಕಡೆ ಸಣ್ಣ ವಿದ್ಯುತ್ ಹರಿಸಿತು. ಆಕೆಗೆ ಹಿಂದೆ ಯಾರೋ ಇರುವಂತಾಯಿತು. ಆಕೆ ಮಲಗಿದ್ದಾಗ ಆ ನೆರಳೂ ಕೆಳಗೆ ಮಲಗಿತ್ತು. ಮೊಣಕಾಲು ತಬ್ಬಿ ಕೂತಾಗ ಅದು ಆಕೆಯನ್ನೇ ತಬ್ಬಿತು, ಆಕೆಗೆ ಅದು ಹಿತವೆನಿಸಲಿಲ್ಲ. ನೆರಳಿನ ಭಂಗಿ ಆಕೆಯದೇ ಭಂಗಿ! ತನ್ನ ಮೈ ಎಲ್ಲಿದೆ ಎಂಬ ಲೆಕ್ಕ ತಪ್ಪಿದಾಗ ಮಿದುಳು ತನ್ನನ್ನೇ ಇನ್ನೊಬ್ಬರೆಂದು ಗ್ರಹಿಸುತ್ತದೆ ಎಂಬುದು ಆ ತಂಡದ ವಿವರಣೆ. 2014ರಲ್ಲಿ ಅದೇ ತಂಡ ಆರೋಗ್ಯವಂತರ ಕಣ್ಣಿಗೆ ಬಟ್ಟೆ ಕಟ್ಟಿ ಒಂದು ಯಂತ್ರದ ಮುಂದೆ ನಿಲ್ಲಿಸಿತು. ಮುಂದೆ ಅವರು ಬೆರಳಾಡಿಸಿದಂತೆ ಹಿಂದಿನಿಂದ ಯಂತ್ರ ಬೆನ್ನು ತಟ್ಟುತ್ತಿತ್ತು. ತಟ್ಟುವುದನ್ನು ಅರೆ ಸೆಕೆಂಡು ತಡಮಾಡಿದಾಗ ಕೆಲವರಿಗೆ ಹಿಂದೆ ಯಾರೋ ನಿಂತಂತಾಯಿತು. ಇಬ್ಬರು ಸಾಕು ನಿಲ್ಲಿಸಿ ಎಂದರು.

ಇಷ್ಟು ಹೇಳಿದ ಮೇಲೆ ನಾನು ಯಾರ ಪರವಾಗಿ ವಾದಿಸುತ್ತಿದ್ದೇನೋ ಅವರಿಗೂ ಒಂದು ಮಾತು ಹೇಳಬೇಕು. ವಿಚಾರವಾದಿಗಳ ಬಳಿಯೂ ಪರೀಕ್ಷೆಗೆ ನಿಲ್ಲದ ಕಥೆಗಳಿವೆ. ಇಂಗ್ಲೆಂಡಿನ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ ತಮ್ಮ ಪ್ರಯೋಗಾಲಯದಲ್ಲಿ ಕಂಡ ಬೂದು ಆಕೃತಿಗೆ ಕಾರಣ ಫ್ಯಾನೊಂದು ಹೊರಡಿಸುತ್ತಿದ್ದ, ಕಿವಿಗೆ ಕೇಳದ ಸುಮಾರು 19 ಹರ್ಟ್ಸ್‌ ಕಂಪನ ಎಂದು 1998ರಲ್ಲಿ ಬರೆದರು. ಅಂದಿನಿಂದ "ದೆವ್ವ ಎಂದರೆ 19 ಹರ್ಟ್ಸ್" ಎಂಬುದು ಹಬ್ಬಿಬಿಟ್ಟಿದೆ. ಕೆನಡಾದ ಮೈಕಲ್ ಪರ್ಸಿಂಗರ್ ಮಂದ ಕಾಂತಕ್ಷೇತ್ರದ ಶಿರಸ್ತ್ರಾಣ ತೊಡಿಸಿ ದೈವಸಾನ್ನಿಧ್ಯದ ಅನುಭವ ತರಿಸಬಹುದೆಂದರು. ಸ್ವೀಡನ್ನಿನ ಪೆರ್ ಗ್ರಾನ್ಕ್ವಿಸ್ಟ್ ಮತ್ತು ಸಂಗಡಿಗರು, ಕಾಂತಕ್ಷೇತ್ರ ಯಾವಾಗ ಇದೆ ಯಾವಾಗ ಇಲ್ಲ ಎಂಬುದು ತೊಟ್ಟವರಿಗೂ ತೊಡಿಸಿದವರಿಗೂ ತಿಳಿಯದಂತೆ ಪರೀಕ್ಷಿಸಿದಾಗ ವ್ಯತ್ಯಾಸವೇ ಕಾಣಲಿಲ್ಲ. ಅನುಭವವಾದದ್ದು ಸೂಚನೆಗೆ ಬೇಗ ಒಲಿಯುವ ಮನಸ್ಸಿನವರಿಗೆ. ಲಂಡನ್ನಿನ ಕ್ರಿಸ್ ಫ್ರೆಂಚ್ ಅವರ ತಂಡ ಒಂದು ಕೋಣೆಯನ್ನೇ ಕಟ್ಟಿ, ಕೇಳದ ಕಂಪನವನ್ನೂ ಕಾಂತಕ್ಷೇತ್ರವನ್ನೂ ಹರಿಸಿ 79 ಜನರನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟಿತು. ಹಲವರಿಗೆ ವಿಚಿತ್ರ ಅನುಭವಗಳಾದವು. ಅವಕ್ಕೂ ಕಂಪನ, ಕಾಂತಕ್ಷೇತ್ರಗಳಿಗೂ ಸಂಬಂಧ ಕಾಣಲಿಲ್ಲ. ದೆವ್ವದ ಕಥೆಯನ್ನು ಪರೀಕ್ಷಿಸದೆ ನಂಬಬಾರದಾದರೆ, ದೆವ್ವ ಬಿಡಿಸುವ ವಿಜ್ಞಾನದ ಕಥೆಯನ್ನೂ ಪರೀಕ್ಷಿಸದೆ ಹಂಚಬಾರದು.

ಹಾಗೆಂದು ಎಲ್ಲವೂ ಮನಸ್ಸಿನ ಸೂಚನೆಯೇ ಎನ್ನುವುದೂ ಸರಿಹೋಗದು. ಲಂಡನ್ನಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ರಾಣಿ ಕ್ಯಾಥರೀನ್ ಹೋವರ್ಡಳ ದೆವ್ವ ಇದೆಯೆಂದು ಹೆಸರಾದ ಮೊಗಸಾಲೆಯಿದೆ. ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಸಂದರ್ಶಕರನ್ನು ಅಲ್ಲಿ ಓಡಾಡಿಸಿ ಎಲ್ಲಿ ಏನನ್ನಿಸಿತು ಎಂದು ಗುರುತಿಸಲು ಹೇಳಿದರು. ಹಿಂದಿನಿಂದಲೂ ದೆವ್ವದ ಜಾಗ ಎನಿಸಿಕೊಂಡ ಕಡೆಗಳಲ್ಲೇ ಹೆಚ್ಚು ಅನುಭವಗಳು ಬಂದವು, ಆ ಕಥೆ ಮೊದಲೇ ಗೊತ್ತಿತ್ತು ಎಂಬುದರಿಂದ ಮಾತ್ರ ಅದನ್ನು ವಿವರಿಸಲು ಆಗಲಿಲ್ಲ. ಅಂದರೆ ಜಾಗದಲ್ಲೂ ಏನೋ ಇದೆ, ಬೆಳಕಿನ ಏರಿಳಿತದಂಥದ್ದು. ನಮ್ಮ ಹುಣಸೆಮರದ ತಿರುವುಗಳನ್ನೂ ಹೀಗೆಯೇ ಯಾರಾದರೂ ಅಳೆಯಬೇಕು ಎಂದು ನನಗೆ ಬಹಳ ಆಸೆ.

ಕೊಳ್ಳಿದೆವ್ವವನ್ನೇ ತೆಗೆದುಕೊಳ್ಳಿ. ಜೌಗಿನಲ್ಲಿ ಕೊಳೆತ ಪದಾರ್ಥದ ಅನಿಲ ಹೊತ್ತಿಕೊಳ್ಳುತ್ತದೆ ಎಂದು ಶಾಲೆಯಲ್ಲಿ ಕೇಳಿ ಸುಮ್ಮನಾಗಿದ್ದೇವೆ. ಅಮೆರಿಕದ ಟೆಕ್ಸಸ್‌ನಲ್ಲಿ ಮಾರ್ಫಾ ಎಂಬ ಊರಿನ ಬಳಿ ಕಾಣುವ ದೀಪಗಳನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು 2004ರಲ್ಲಿ ರಾತ್ರಿಗಟ್ಟಲೆ ಕೂತು ಅಳೆದರು. ತಾವು ನೋಡಿದ ದೀಪಗಳು ದೂರದ 67ನೇ ಹೆದ್ದಾರಿಯ ವಾಹನಗಳದ್ದು ಎಂದು ತೋರಿಸಿದರು. ಸುತ್ತ ಏನೂ ಕಾಣದ ಕತ್ತಲಲ್ಲಿ ಒಂಟಿ ದೀಪವನ್ನು ನೋಡುತ್ತ ನಿಂತರೆ ಅದು ನಿಂತಲ್ಲೇ ಇದ್ದರೂ ಅಲೆದಾಡಿದಂತೆ ಕಾಣುತ್ತದೆ. ಇದೂ ಕಣ್ಣಿನ ಹಳೆಯ ಚಾಳಿ. ಗದ್ದೆಯಾಚೆ ಹಿಂಬಾಲಿಸಿ ಬಂದ ಕೊಳ್ಳಿಗಳಲ್ಲಿ ಎಷ್ಟು ಯಾರದೋ ಲಾಂದ್ರವಾಗಿದ್ದವೋ.

ಭ್ರಮೆಯ ವಿವರಣೆ ನಿಲ್ಲುವ ಗಡಿಗಳೂ ಇವೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದರಲ್ಲ, ಅಲ್ಲಿದ್ದ ಪ್ರಶ್ನೆ ಕೈಚಳಕದ್ದು. ಅದು ನೋಡುವವರ ತಪ್ಪಲ್ಲ, ತೋರಿಸುವವರ ಜಾಣತನ. ಮೈಮೇಲೆ ಬರುವುದೂ ಇಂದ್ರಿಯಭ್ರಮೆಯಲ್ಲ. ಅದರಲ್ಲಿ ಮನಸ್ಸಿನ ಸಂಕಟ, ಮನೆಯೊಳಗೆ ಹೇಳಲಾಗದ ಮಾತು, ಆಚರಣೆಯ ಕಟ್ಟುಪಾಡು ಎಲ್ಲ ಹೆಣೆದುಕೊಂಡಿರುತ್ತವೆ. ಕನಸಿನಲ್ಲಿ ಕಂಡದ್ದು ನಿಜವಾಯಿತು ಎಂಬುದು ನೆನಪಿನ ಲೆಕ್ಕ. ನಿಜವಾಗದ ಕನಸುಗಳನ್ನು ಯಾರೂ ಎಣಿಸಿಡುವುದಿಲ್ಲ. ಸಾವಿನ ಬಾಗಿಲಿಂದ ಮರಳಿದವರ ಅನುಭವವೂ ಸುಲಭದ್ದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ ಮತ್ತು ಅಮೆರಿಕದ ಇಯಾನ್ ಸ್ಟೀವನ್ಸನ್ 1986ರಲ್ಲಿ ಭಾರತದ ಇಂಥ ಪ್ರಕರಣಗಳನ್ನು ಪ್ರಕಟಿಸಿದರು. ಪಾಶ್ಚಾತ್ಯರು ಹೇಳುವ ಸುರಂಗ ಮತ್ತು ಬೆಳಕು ಇಲ್ಲಿ ಕಾಣಲಿಲ್ಲ. ಇಲ್ಲಿನವರನ್ನು ಯಮದೂತರು ಒಯ್ದಿದ್ದರು, ಅಲ್ಲಿ ಕಡತ ನೋಡಿ "ಇವನಲ್ಲ, ಬೇರೆಯವನು" ಎಂದು ವಾಪಸು ಕಳಿಸಿದ್ದರು. ಆ ಇಬ್ಬರು ಸಂಶೋಧಕರಿಗೆ ಸಾವಿನಾಚೆ ಏನಾದರೂ ಇದ್ದೀತು ಎಂಬ ಸಾಧ್ಯತೆಯ ಕಡೆ ಒಲವಿತ್ತು. ನನಗೆ ಮಾತ್ರ ಆ ಕಡತದಲ್ಲಿ ಕಾಣುವುದು ಸಂಸ್ಕೃತಿಯ ಕೈಬರಹ.

ಇದೆಲ್ಲ ತಿಳಿದು ಆಗಬೇಕಾದ್ದೇನು ಎಂದು ಕೇಳುವವರಿಗೆ ನಾನು ಮುದುಕರನ್ನು ತೋರಿಸುತ್ತೇನೆ. ಕಣ್ಣಿನ ಪೊರೆಯಿಂದಲೋ ಇನ್ನಾವುದೋ ಕಾರಣದಿಂದಲೋ ದೃಷ್ಟಿ ಮಂದವಾದವರಲ್ಲಿ ಕೆಲವರಿಗೆ ಇಲ್ಲದ ಮಕ್ಕಳು, ಗಿಡ್ಡ ಮನುಷ್ಯರು, ಹೂಬಳ್ಳಿಯ ಚಿತ್ತಾರಗಳು ಸ್ಪಷ್ಟವಾಗಿ ಕಾಣುತ್ತವೆ. ಜಿನೀವಾದ ಚಾರ್ಲ್ಸ್ ಬೊನೆ 1760ರಲ್ಲಿ ತಮ್ಮ ತಾತನಿಗೆ ಹೀಗಾದದ್ದನ್ನು ಬರೆದಿಟ್ಟರು, ಅವರ ಹೆಸರಿನಿಂದಲೇ ಈ ಸ್ಥಿತಿಯನ್ನು ಕರೆಯುತ್ತಾರೆ. ಕಣ್ಣಿನಿಂದ ಸುದ್ದಿ ಬಾರದಾದಾಗ ಮಿದುಳು ತಾನೇ ಚಿತ್ರ ಬಿಡಿಸುತ್ತದೆ. ಬುದ್ಧಿ ನೆಟ್ಟಗಿರುತ್ತದೆ. ಆದರೆ ಅಜ್ಜಿ "ಮೂಲೆಯಲ್ಲಿ ಮಕ್ಕಳು ಕೂತಿವೆ" ಎಂದರೆ ಮನೆಯವರು ಅರಳುಮರಳು ಎನ್ನುತ್ತಾರೆ, ಇಲ್ಲವೇ ತಾಯಿತ ಕಟ್ಟಿಸುತ್ತಾರೆ. ಆಮೇಲೆ ಅಜ್ಜಿ ಹೇಳುವುದನ್ನೇ ನಿಲ್ಲಿಸುತ್ತಾಳೆ. ಕಣ್ಣಿನ ವೈದ್ಯರಿಗೆ ತೋರಿಸಬೇಕಾದ್ದು ಮನೆಯ ಮೂಲೆಯಲ್ಲೇ ಉಳಿಯುತ್ತದೆ. ಇಲ್ಲದವರನ್ನು ಕಾಣುವುದು ಮೂರ್ಛೆರೋಗದ ಕೆಲವು ಬಗೆಗಳಲ್ಲಿ, ಮರೆವಿನ ಕೆಲವು ಕಾಯಿಲೆಗಳಲ್ಲೂ ಉಂಟು. ಇದ್ದಿಲು ಒಲೆ, ಗ್ಯಾಸ್ ಗೀಸರ್ ಇರುವ ಗಾಳಿಯಾಡದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೂ ತಲೆನೋವು, ಗೊಂದಲ, ಭ್ರಮೆ ಬರುತ್ತವೆ. 1921ರಲ್ಲಿ ಅಮೆರಿಕದ ನೇತ್ರವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ದೆವ್ವದ ಮನೆಯ ವರದಿಯಲ್ಲಿ ಹೆಜ್ಜೆ ಸಪ್ಪಳ, ಕಪ್ಪು ಆಕೃತಿಗಳಿಗೆಲ್ಲ ಕೊನೆಗೆ ಸಿಕ್ಕ ಕಾರಣ ಮನೆಯನ್ನು ಬೆಚ್ಚಗಿಡಲು ಇದ್ದ ಕುಲುಮೆ ಕೆಟ್ಟು ತುಂಬಿದ ಹೊಗೆ. ಅಂಥ ಮನೆಯಲ್ಲಿ ಹೋಮ ಮಾಡಿಸುತ್ತ ದಿನ ಕಳೆದರೆ ಜೀವವೇ ಹೋದೀತು.

ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಅದರಡಿ ಅಪರಾಧ. ಬೇಕಾದ ಕಾಯ್ದೆಯೇ. ಆದರೆ ಹೊಡೆಯುವವನ ಕೈಯನ್ನು ಹಿಡಿಯಬಲ್ಲ ಕಾಯ್ದೆ, ಅವನ ಬಾಗಿಲಿಗೆ ಹೋಗುವ ಮುಂಚಿನ ದಿನಗಳಲ್ಲಿ ದೆವ್ವ ಕಂಡೆ ಎಂದ ಹುಡುಗಿಯೊಬ್ಬಳ ಮಾತನ್ನು ಕೂತು ಕೇಳಲಾರದು. "ಯಾವಾಗ ಕಂಡಿತು? ಮಲಗಿದ್ದೆಯಾ? ಮೈ ಅಲ್ಲಾಡುತ್ತಿತ್ತಾ? ಎಷ್ಟು ದಿನದಿಂದ ನಿದ್ದೆ ಇಲ್ಲ?" ಎಂದು ಕೇಳಬೇಕಾದವರು ಮನೆಯವರು, ಮೇಷ್ಟ್ರು, ಆಶಾ ಕಾರ್ಯಕರ್ತೆ. ಕೇಳುವ ದನಿಯಲ್ಲಿ ನಗು ಇರಬಾರದು.

ಎಲ್ಲ ಅನುಭವಕ್ಕೂ ಔಷಧ ಬೇಕಿಲ್ಲ. ವೇಲ್ಸ್‌ನ ಹಳ್ಳಿಗಾಡಿನ ವೈದ್ಯ ಡೆವಿ ರೀಸ್ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಬರೆದರು. ಅವರಲ್ಲಿ ಅರ್ಧದ ಹತ್ತಿರ ಮಂದಿಗೆ ತೀರಿಕೊಂಡವರು ಹತ್ತಿರ ಇದ್ದಂತೆ ಅನ್ನಿಸಿತ್ತು, ಕೆಲವರಿಗೆ ಕಂಡಿದ್ದರು, ಕೆಲವರಿಗೆ ದನಿ ಕೇಳಿಸಿತ್ತು. ಹೆಚ್ಚಿನವರಿಗೆ ಅದರಿಂದ ಸಮಾಧಾನವೇ ಆಗಿತ್ತು. ಆದರೂ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ವೈದ್ಯರು ಕೇಳುವವರೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ.

ನಮ್ಮ ತಾತ ಹೋದ ಮೇಲೆ ಅಜ್ಜಿ ಬೆಳಗಿನ ಜಾವ ಎದ್ದು ಜಗಲಿಯ ಕಡೆ ಕಿವಿಗೊಡುತ್ತಿದ್ದಳು. ತಾತ ಕೆಮ್ಮಿದ ಸದ್ದು ಕೇಳಿಸುತ್ತದೆ ಎಂದು ಒಂದು ಸಲ ನನ್ನ ಬಳಿ ಹೇಳಿದಳು. ಐವತ್ತು ವರ್ಷ ಆ ಹೊತ್ತಿಗೆ ಆ ಕೆಮ್ಮು ಕೇಳಿಯೇ ಒಲೆ ಹಚ್ಚಿದ ಕಿವಿ ಅದು. ಆಗ ನನಗೆ ರೀಸ್ ಗೊತ್ತಿರಲಿಲ್ಲ, ಹೆಲ್ಮ್‌ಹೋಲ್ಟ್ಸ್ ಗೊತ್ತಿರಲಿಲ್ಲ. "ಹೋಗಿ ನೋಡಿದೆಯಾ ಅಜ್ಜಿ?" ಎಂದು ಕೇಳಿದೆ. "ನೋಡೋದೇನು ಮಗ, ಇಲ್ಲ ಅಂತ ಗೊತ್ತಲ್ಲ" ಎಂದು ಒಲೆಗೆ ಸೌದೆ ಇಟ್ಟಳು.